ಕೋವಿ ಮನೆಯ ಅಟ್ಟ

ನಮ್ಮ ಹಿಟ್ಟಿನ ಮಿಲ್ಲು ಓಡುವಾಗ ಮಾತಾಡಬೇಕೆಂದರೆ ಕೂಗಬೇಕು. ಶೆಟ್ಟಿಕೆರೆಗೆ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ ಆ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ದನಿ ದೊಡ್ಡದಾಗಿದೆ. ಮೆಲ್ಲಗೆ ಮಾತಾಡು ಸುನಂದಾ ಎನ್ನುವವರಿಗೆ, ಬೇಕಾದರೆ ಕಿವಿ ಮುಚ್ಚಿಕೊಳ್ಳಿ ಎನ್ನುತ್ತೇನೆ. ಹಾಗಾಗಿ ಅವತ್ತು ನನ್ನ ತಮ್ಮ ದಯಾನಂದ ಪ್ಲಾಸ್ಟಿಕ್ ಕವರಿನಲ್ಲಿ ಸ್ಟಾಂಪ್ ಪೇಪರ್ ಹಿಡಿದು ಮಿಲ್ಲಿಗೆ ಬಂದಾಗ ನಡೆದ ಮಾತೆಲ್ಲ, ರಾಗಿ ಬೀಸಿಸಲು ಬಂದಿದ್ದ ನಾಲ್ಕು ಜನಕ್ಕೂ ರಸ್ತೆಯಾಚೆಯ ಟೀ ಅಂಗಡಿಗೂ ಕೇಳಿಸಿತು.

"ಇಲ್ಲೊಂದು ಸೈನ್ ಹಾಕಕ್ಕ. ನಂಗೆ ಅಭ್ಯಂತರ ಇಲ್ಲ ಅಂತ, ಅಷ್ಟೇಯ."

"ಯಾತಕ್ಕೆ ಅಭ್ಯಂತರ ಇಲ್ಲ?"

"ಅಪ್ಪನ ಕೋವಿ ಲೈಸೆನ್ಸು ನನ್ನ ಹೆಸ್ರಿಗೆ ಮಾಡ್ಸಾಕೆ."

"ಐತೆ."

"ಏನು ಐತೆ?"

"ಅಭ್ಯಂತರ ಐತೆ ಕಣೋ. ನಾನು ಸೈನ್ ಹಾಕಲ್ಲ."

ಮಿಲ್ಲು ನಿಲ್ಲಿಸಿದೆ. ಅವನ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಗಿತ್ತು. ಅವ್ವ ಆಗಲೇ ಹೆಬ್ಬೆಟ್ಟು ಒತ್ತಿದ್ದಳು. ವಾರಸುದಾರರು ಮೂವರಲ್ಲಿ ಉಳಿದವಳು ನಾನೊಬ್ಬಳೇ. ನನ್ನ ಸೈನ್ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ ಎಂದು ಆಫೀಸಿನಲ್ಲಿ ಹೇಳಿ ಕಳಿಸಿದ್ದರಂತೆ. ಹೆಣ್ಣುಮಕ್ಕಳ ಸೈನಿಗೂ ಇಷ್ಟು ಬೆಲೆ ಇದೆಯಲ್ಲ ಎಂದು ಅವತ್ತು ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ನನ್ನ ತವರು ಹಂದನಕೆರೆ ಪಕ್ಕದ ಒಂದು ಹಳ್ಳಿ. ಅಲ್ಲಿ ನಮ್ಮದು ಕೋವಿ ಮನೆ. ನಮ್ಮಪ್ಪ ಕೋವಿ ದೊಡ್ಡಣ್ಣ ಎಂದರೆ ಮೂರು ಹೋಬಳಿಗೆ ಗೊತ್ತಿದ್ದ ಹೆಸರು. ತೆಂಗಿನ ತೋಟಕ್ಕೆ ಕೋತಿ, ಹೊಲಕ್ಕೆ ಹಂದಿ ಬರುತ್ತವೆಂದು ನಾನು ಹುಟ್ಟಿದ ವರ್ಷ ಅಪ್ಪ ಲೈಸೆನ್ಸ್ ಮಾಡಿಸಿದ್ದ. ಹಳೇ ಕಾಲದ ಕೋವಿ ಅದು. ನಳಿಗೆಯ ಬಾಯಿಂದ ಮದ್ದು ಸುರಿದು, ಸೀಸದ ಗುಂಡು ಹಾಕಿ, ಸಲಾಕೆಯಲ್ಲಿ ಜಡಿಯಬೇಕು. ಒಂದು ಸಲ ಹೊಡೆದು ಮತ್ತೆ ತುಂಬುವಷ್ಟರಲ್ಲಿ ಕೋತಿಗಳು ಪಕ್ಕದ ತೋಟದಲ್ಲಿ ಎಳನೀರು ಕುಡಿದು ಮುಗಿಸಿರುತ್ತಿದ್ದವು. ನನಗೆ ನೆನಪಿರುವಂತೆ ಅಪ್ಪ ಅದರಿಂದ ಆಕಾಶಕ್ಕೆ ಹೊಡೆದದ್ದೇ ಹೆಚ್ಚು. ಉಳಿದಂತೆ ಅದು ನಡುಮನೆಯ ಗೋಡೆಯ ಮೇಲೆ ಮೊಳೆಗೆ ತೂಗಿಕೊಂಡು, ಬಂದ ನೆಂಟರ ಕಣ್ಣಿಗೆ ಬಿದ್ದು, ಮನೆಯ ಮಾನ ಹೆಚ್ಚಿಸುತ್ತಿತ್ತು.

ಚುನಾವಣೆ ಬಂತೆಂದರೆ ಊರಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಕಳೆದ ಲೋಕಸಭಾ ಚುನಾವಣೆಗೆ ಅಪ್ಪ ಹಳೇ ಪಂಚೆಯಲ್ಲಿ ಕೋವಿ ಸುತ್ತಿಕೊಂಡು ಹೋಗಿ ಕೊಟ್ಟು ಬಂದ. ವೋಟು ಹಾಕಿದ. ಫಲಿತಾಂಶ ಬರುವ ಮೊದಲೇ, ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಕೂತವನು ಕೂತಲ್ಲೇ ಹೋಗಿಬಿಟ್ಟ. ಕೋವಿ ಠಾಣೆಯಲ್ಲೇ ಉಳಿಯಿತು. ಅದು ಮತ್ತೆ ಆ ಮೊಳೆಗೆ ಬರಬಾರದು ಎನ್ನುವುದು ನನ್ನ ಹಟ.

"ಕೋತಿ ಕಾಟ ಎಷ್ಟೈತೆ ಗೊತ್ತೇನಕ್ಕ ನಿಂಗೆ? ಈ ವರ್ಷ ಅರ್ಧ ಕಾಯಿ ಅವುಗಳ ಪಾಲು. ಹೋದ ತಿಂಗ್ಳು ಚಿರತೆ ಬೇರೆ ಬಂದಿತ್ತಂತೆ."

"ಚಿರತೆಗೆ ಫಾರೆಸ್ಟ್‌ನೋರು ಬೋನು ತತ್ತಾರೆ. ಗೊಲ್ಲರಪ್ಪಣ್ಣನ ಸೊಂಟಕ್ಕೆ ಯಾರು ಏನು ತಂದ್ರು?"

ಅವನು ಪೇಪರನ್ನು ಕವರಿಗೆ ತುರುಕಿ, ಬೈಕ್ ಹತ್ತಿದ. ಟೀ ಅಂಗಡಿಯವರು ನನ್ನನ್ನೇ ನೋಡುತ್ತಿದ್ದರು. ನಾನು ಮಿಲ್ಲು ಚಾಲೂ ಮಾಡಿದೆ.

ಗೊಲ್ಲರಪ್ಪನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನನ್ನ ತವರೂರಿನಾಚೆಯ ಹಟ್ಟಿಯವನು, ಕುರಿ ಮೇಯಿಸುವವನು. ಅವನೂ ಅವನ ಹೆಂಡತಿ ಪುಟ್ಟಕ್ಕನೂ ಮದುವೆಯಾದಾಗಿನಿಂದ ವರ್ಷಕ್ಕೆ ಇಷ್ಟು ದಿನ ಎಂದು ನಮ್ಮ ತೋಟದಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದರು. ಕುರಿಗಳಿಗೆ ನೆರಳು, ಮೇವು. ನಮ್ಮ ಮರಗಳಿಗೆ ಗೊಬ್ಬರ. ಇದು ಅಪ್ಪನ ಅಪ್ಪನ ಕಾಲದಿಂದ ನಡೆದು ಬಂದದ್ದು, ಯಾರೂ ಯಾರನ್ನೂ ಕೇಳಬೇಕಾದದ್ದಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಸಂಕ್ರಾಂತಿ ಆದ ವಾರ, ಬೆಳಗಿನ ಮಂಜಿನಲ್ಲಿ ಗೊಲ್ಲರಪ್ಪ ಕರಿ ಕಂಬಳಿ ಹೊದ್ದು ಒಂದು ತೆಂಗಿನ ಬುಡದಲ್ಲಿ ಮಲಗಿದ್ದ. ಪಕ್ಕದ ಹೊಲದಲ್ಲಿ ಹಂದಿ ನುಗ್ಗಿದ ಸದ್ದಾಯಿತೆಂದು ಕೋವಿ ಹಿಡಿದು ಓಡಿದವರಿಗೆ ಆ ಕರಿ ಗುಡ್ಡೆ ಅಲುಗಾಡಿದ್ದು ಕಂಡಿತು. ಅವನು ಮಗ್ಗುಲು ಬದಲಿಸಿದ್ದ, ಅಷ್ಟೇ. ಗುಂಡು ಹಾರಿತು. ಕಡಲೆಕಾಳಿನಂಥ ಐದಾರು ಗುಂಡು ಸೊಂಟಕ್ಕೆ ಹೊಕ್ಕವು. ಎರಡು ಇವತ್ತಿಗೂ ಅಲ್ಲೇ ಇವೆ. ಚಳಿ ಬಂದರೆ ಅವನಿಗೆ ಎದ್ದು ನಿಲ್ಲುವುದೇ ಕಷ್ಟ. ಊರಿನ ಹಿರಿಯರು ಕೂತು ರಾಜಿ ಮಾಡಿದರು. ಕೇಸು ಆಗಲಿಲ್ಲ. ಹೊಡೆದವನು ನಾನು ಎಂದು ಅಪ್ಪ ಎಲ್ಲರೆದುರು ಒಪ್ಪಿಕೊಂಡ.

ಹೊಡೆದವನು ಅಪ್ಪನಲ್ಲ. ದಯಾನಂದ. ಲೈಸೆನ್ಸ್ ಇದ್ದದ್ದು ಅಪ್ಪನಿಗೆ, ಕೋವಿ ಮುಟ್ಟುವ ಹಕ್ಕೇ ಇವನಿಗಿರಲಿಲ್ಲ. ಮಗ ಜೈಲಿಗೆ ಹೋಗುತ್ತಾನೆಂದು ಅಪ್ಪ ಹೊತ್ತುಕೊಂಡ. ಅವ್ವ ಅತ್ತು ಅತ್ತು ನನಗೊಬ್ಬಳಿಗೆ ಹೇಳಿ, ಯಾರಿಗೂ ಹೇಳಬೇಡ ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ತಗೊಂಡಿದ್ದಳು. ದೊಡ್ಡ ದನಿಯವಳು ನಾನು, ನಾಲ್ಕು ವರ್ಷ ಈ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಅದು ಎಂಥ ಹಿಂಸೆ ಎಂದು ಬಾಯಿ ಇರುವವರಿಗೆ ಮಾತ್ರ ಗೊತ್ತು.

ಆ ದಿನದಿಂದ ಮಂದೆ ನಮ್ಮ ತೋಟಕ್ಕೆ ಬರುವುದು ನಿಂತಿತು.

ಅಪ್ಪನ ಎರಡನೇ ವರ್ಷದ ತಿಥಿ ಬಂತು. ಅದಕ್ಕೆ ಎರಡು ದಿನ ಮೊದಲು ಅವ್ವ ಫೋನ್ ಮಾಡಿದಳು. "ಬರುವಾಗ ಆ ಸೈನಿನ ವಿಷ್ಯ ಮುಗಿಸಿಬುಡು ಕಣವ್ವ. ನೆಂಟರೆಲ್ಲ ಇರ್ತಾರೆ. ಒಡಹುಟ್ಟಿದೋರು ಹಿಂಗೆ ಮುಖ ತಿರುಗಿಸ್ಕಂಡಿರೋದು ಚೆಂದಾಗಿರಾಕಿಲ್ಲ." ಅಂದರೆ ನೆಂಟರೆದುರು ನನ್ನನ್ನು ಕೂರಿಸಿ ಒಪ್ಪಿಸುವ ಏರ್ಪಾಡಾಗಿದೆ. ಆಗಲಿ, ಪಂಚಾಯ್ತಿ ಎಂದರೆ ನನಗೇನೂ ಹೆದರಿಕೆಯಿಲ್ಲ. ಚಿಕ್ಕನಾಯಕನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಹಂದನಕೆರೆ ಕಡೆಗೆ ಇನ್ನೊಂದು ಹಿಡಿದು ಹೊರಟೆ.

ಬಸ್ಸಿಳಿದು, ಬಹಳ ವರ್ಷದ ಮೇಲೆ ತೋಟದ ದಾರಿಯಲ್ಲೇ ನಡೆದೆ. ನಮ್ಮ ತೋಟದ ಬೇಲಿ ದಾಟುತ್ತಿದ್ದ ಹಾಗೆಯೇ ಎರಡು ನಾಯಿಗಳು ಬೊಗಳುತ್ತಾ ಓಡಿ ಬಂದು, ನನ್ನ ಸೀರೆ ಮೂಸಿ, ಬಾಲ ಅಲ್ಲಾಡಿಸಿ ಸುಮ್ಮನಾದವು. ಹಿಂದೆಯೇ ಕುರಿಗಳು. ಅವುಗಳ ಹಿಂದೆ ಪುಟ್ಟಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಕವಣೆ ಹಿಡಿದು ನಿಂತಿದ್ದಳು.

"ಪುಟ್ಟಕ್ಕ! ನೀವು ಮತ್ತೆ ಬರ್ತಿದ್ದೀರಾ?"

"ಎರಡು ವರ್ಷ ಆಯ್ತು ಕಣವ್ವ, ಈಗ ವರ್ಷವಿಡೀ ಇಲ್ಲೇ. ಕೋವಿ ಠಾಣೆ ಸೇರ್ತಲ್ಲ, ನಯನಮ್ಮ ಹಟ್ಟಿಗೇ ಬಂದು ಕರೆದ್ಲು. ಮನೇಲಿ ಈಗ ಅದು ಇಲ್ಲ, ಬನ್ರಿ ಅಂದ್ಲು." ನಯನ ನನ್ನ ತಮ್ಮನ ಹೆಂಡತಿ. ಮನೆಯಲ್ಲಿ ಅವಳು ಎರಡು ಮಾತು ಜೋಡಿಸಿ ಆಡಿದ್ದನ್ನು ನಾನು ಕೇಳಿದ್ದೇ ಕಮ್ಮಿ.

ಅಷ್ಟರಲ್ಲಿ ಮೂಲೆಯ ಮರದ ನೆತ್ತಿಯಲ್ಲಿ ಗರಿ ಅಲುಗಿತು. ಪುಟ್ಟಕ್ಕ ಮಾತು ನಿಲ್ಲಿಸಿ ತಲೆಯೆತ್ತಿ ದಿಟ್ಟಿಸಿದಳು. ಕೋತಿಯೇ ಎಂದು ಖಾತ್ರಿಯಾದ ಮೇಲೆ ಕವಣೆಗೆ ಮಣ್ಣಿನ ಹೆಂಟೆಯಿಟ್ಟು ತಿರುಗಿಸಿ ಬಿಟ್ಟಳು. ಹೆಂಟೆ ಗರಿಗೆ ಬಡಿದು ಪುಡಿಯಾಯಿತು. ನಾಯಿಗಳು ಬುಡಕ್ಕೆ ಓಡಿ ರಂಪ ಎಬ್ಬಿಸಿದವು. ಕೋತಿ ಬೈಯುತ್ತಾ ಆಚೆಯ ಶ್ರೀರಂಗಯ್ಯನವರ ತೋಟಕ್ಕೆ ಹಾರಿತು.

"ಗೊಲ್ಲರಪ್ಪಣ್ಣ ಎಲ್ಲಿ?"

"ಅವ್ರು ಬರಲ್ಲ. ಮಂದೆ ನಾನೇ ತತ್ತೀನಿ, ನೋಡ್ಕಂತೀನಿ. ಆ ಕೋವಿ ತಿರುಗಿ ಬರಾಕಿಲ್ಲ ಅಂತ ಖಾತ್ರಿ ಆಗೋಗಂಟ ಈ ತೋಟಕ್ಕೆ ಕಾಲಿಡಲ್ಲ ಅಂದವ್ರೆ." ಅವಳು ಕವಣೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. "ಬಂದ್ರೆ ನಾನೂ ಹೊಂಟೆ ಕಣವ್ವ. ಎರಡನೇ ಸಲ ಗುಂಡು ತಿನ್ನಾಕೆ ನಮ್ಮತ್ರ ಇನ್ನೊಂದು ಸೊಂಟ ಇಲ್ಲ."

ಮಧ್ಯಾಹ್ನ ಊಟಕ್ಕೆ ಬಾ ಎಂದು ಅವಳಿಗೆ ಹೇಳಿ ಮನೆಗೆ ಬಂದೆ.

ನಡುಮನೆಯ ಗೋಡೆಯಲ್ಲಿ ಕೋವಿಯ ಮೊಳೆ ಖಾಲಿ ಇತ್ತು. ಅದರ ಕೆಳಗೆ ಅಪ್ಪನ ಫೋಟೋ, ಹೂವಿನ ಹಾರ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅಟ್ಟದ ತೊಲೆಗೆ ಹೊಸದಾಗಿ ಎರಡು ಆಸರೆ ಕಂಬ ಕೊಟ್ಟಿದ್ದರು. ನಾನು ಹುಟ್ಟಿ ಬೆಳೆದ ಮನೆ ಅದು. ಆ ತೊಲೆಗೆ ಯಾವತ್ತೂ ಆಸರೆ ಬೇಕಾಗಿರಲಿಲ್ಲ.

ನಮ್ಮ ಕಡೆಯ ಅಟ್ಟದ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಬಲಿತ ಕಾಯಿಯನ್ನು ನಾವು ಒಡೆದು ಒಣಗಿಸುವುದಿಲ್ಲ. ಇಡೀ ಕಾಯಿಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಆಮೇಲೆ ಇಳಿಸಿ ಸುಲಿಯುವುದು. ಇಳಿಸುವ ಮುನ್ನ ಅಪ್ಪ ಪ್ರತಿ ವರ್ಷ ಅಟ್ಟ ಹತ್ತಿ, ಕಾಯಿ ರಾಶಿ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಗೋಡೆಗೆ ಇದ್ದಿಲಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ಇಸವಿ ಬರೆಯುತ್ತಿದ್ದ. ಎಲ್ಲಕ್ಕಿಂತ ಮೇಲಿನ ಗೆರೆ ನನ್ನ ಮದುವೆಯ ವರ್ಷದ್ದು. ಅದನ್ನು ದಾಟಿದ ಫಸಲು ಬಂದೇ ಇಲ್ಲ ಎಂದು ಅವನು ಹೇಳುತ್ತಿದ್ದ.

ಅಡುಗೆಮನೆಗೆ ಹೋದೆ. ನಯನ ಒಬ್ಬಟ್ಟಿನ ಹೂರಣ ಅರೆಯುತ್ತಿದ್ದಳು.

"ಆ ಕಂಬ ಯಾಕೆ ಕಣೇ?"

ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಭಾರ ಜಾಸ್ತಿ ಆಯ್ತಕ್ಕ," ಎಂದಳು. ಆಮೇಲೆ ನಕ್ಕಳು. ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

"ದಯಾನಿಗೆ ಗೊತ್ತಾ?"

"ಅವ್ರು ಅಟ್ಟ ಎಲ್ಲಿ ಹತ್ತುತಾರೆ? ಟ್ರ್ಯಾಕ್ಟರ್ ಆಯ್ತು, ಚಿಕ್ಕನಾಯಕನಹಳ್ಳಿ ಆಯ್ತು. ತೋಟಕ್ಕೆ ಹೋದಾಗ ಕೋತಿ ಕಚ್ಚಿ ಬಿಸಾಕಿರೋ ಎಳಗಾಯಿ ಕಾಲಿಗೆ ಸಿಗ್ತವೆ, ಅದನ್ನ ಲೆಕ್ಕ ಹಾಕಿ ಎಲ್ಲಾ ಹೋಯ್ತು ಅಂತಾರೆ. ಮೇಲೆ ಉಳ್ದಿರೋದ್ನ ಯಾರು ನೋಡ್ತಾರೆ? ಕಾಯಿ ಏರ್ಸಿದ್ದೂ ಕಂಬ ಕೊಡಿಸಿದ್ದೂ ನಾನೇ, ಆಳುಗಳ ಕೈಲಿ. ಯಾಕೆ ಅಂತ ಕೂಡ ಕೇಳ್ಲಿಲ್ಲ."

ಎಡೆ ಇಟ್ಟು, ಊಟ ಮುಗಿದು, ಎಲೆಅಡಿಕೆ ತಟ್ಟೆ ಸುತ್ತುವ ಹೊತ್ತಿಗೆ ನಾನು ಅಂದುಕೊಂಡಂತೆಯೇ ಆಯಿತು. ದಯಾನಂದ ಸ್ಟಾಂಪ್ ಪೇಪರನ್ನು ತಂದು ಅಪ್ಪನ ಫೋಟೋದ ಮುಂದೆ ಇಟ್ಟ. ನಾಟಕ ಮಾಡುವುದರಲ್ಲಿ ಚಿಕ್ಕಂದಿನಿಂದಲೂ ಜಾಣ. ಪಕ್ಕದ ತೋಟದ ಶ್ರೀರಂಗಯ್ಯನವರು ಗಂಟಲು ಸರಿಮಾಡಿಕೊಂಡರು. ಅವರ ಮನೆಯಲ್ಲೂ ಒಂದು ಕೋವಿ ಇದೆ. ಒಳ್ಳೆಯವರೇ, ನಾನು ಮಾವ ಎಂದು ಕರೆಯುತ್ತೇನೆ.

"ನೋಡವ್ವ ಸುನಂದಾ, ಕೋವಿ ಏನು ತಾನಾಗೇ ಹಾರ್ತದಾ? ಹಿಡಿದೋನು ಸರಿ ಇರಬೇಕು. ಕುಡ್ಲಲ್ಲೂ ಕೈ ಕುಯ್ಕಂತಾರೆ. ಹಂಗಂತ ಕುಡ್ಲು ಬುಟ್ಬುಡಾಕಾಯ್ತದಾ?"

ನಾಲ್ಕೈದು ತಲೆಗಳು ಹೌದೆಂದು ಆಡಿದವು. ಮಾತು ಚೆನ್ನಾಗಿಯೇ ಇತ್ತು, ಇಲ್ಲವೆನ್ನುವುದಿಲ್ಲ.

"ಕುಡ್ಲು ಹಿಡಿದೋನು ಹತ್ರ ಬಂದು ನೋಡ್ಲೇಬೇಕು ಮಾವ," ಎಂದೆ. "ಹುಲ್ಲೋ, ಹಾವೋ, ಮನುಷ್ಯನ ಕಾಲೋ ಅಂತ ನೋಡಿ ಆಮೇಲೆ ಕುಯ್ತಾನೆ. ಕೋವಿ ಹಿಡಿದೋನು ಹತ್ರ ಬರೋದೇ ಇಲ್ಲ. ಅಲ್ಲಿಂದ್ಲೇ ಹಂದಿ ಅಂತ ತೀರ್ಮಾನ ಮಾಡ್ತಾನೆ. ಹತ್ರ ಬಂದು ನೋಡೋದು ಹೊಡೆದ ಮೇಲೆ. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ಗಾದೆ ಮಾಡಿದೋರ ಕೈಲಿ ಕೋವಿ ಇರ್ಲಿಲ್ಲ, ಅದಕ್ಕೇ ಆ ಗಾದೆ ಹುಟ್ತು."

ಯಾರೋ ಹಿಂದೆ ನಕ್ಕರು. ದಯಾನಂದನಿಗೆ ಸಿಟ್ಟು ಬಂತು.

"ಮಾತಾಡೋದು ಸುಲಭ ಕಣಕ್ಕ. ಶೆಟ್ಟಿಕೆರೇಲಿ ಕೂತು ರಾಗಿ ಬೀಸೋಳಿಗೆ ತೋಟದ ಕಷ್ಟ ಏನು ಗೊತ್ತು? ಕೋವಿ ಹೋಗಿ ಎರಡು ವರ್ಷ ಆಯ್ತು, ಅರ್ಧ ಫಸಲು ಹೋಯ್ತು. ಎಲ್ರ ಮುಂದೆ ಹೇಳ್ತಿದೀನಿ, ಅರ್ಧ!"

ನಾನು ಕಾಯುತ್ತಿದ್ದದ್ದು ಈ ಮಾತಿಗೇ. "ಅರ್ಧ ತಾನೇ?" ಎಂದೆ. "ಸರಿ. ಅಟ್ಟ ಹತ್ತೋಣ ನಡಿ. ಅಪ್ಪನ ಗೆರೆಗಳಿವೆಯಲ್ಲ, ಅವೇ ಹೇಳ್ಲಿ. ಅರ್ಧ ಹೋಗಿದ್ರೆ ಇಳಿದು ಬಂದು ಇದೇ ಪೇಪರ್‌ಗೆ ಸೈನ್ ಹಾಕ್ತೀನಿ. ಎರಡು ಸಲ ಬೇಕಾದ್ರೂ ಹಾಕ್ತೀನಿ."

"ನಡಿ!" ಎಂದ. ಅವನಿಗೆ ಅಷ್ಟು ನಂಬಿಕೆ.

ಏಣಿಯನ್ನು ನಯನಳೇ ತಂದು ಚಾಚಿದಳು. ಮೊದಲು ದಯಾನಂದ, ಅವನ ಹಿಂದೆ ನಾನು. ಶ್ರೀರಂಗಯ್ಯ ಮಾವ ಈ ವಯಸ್ಸಿನಲ್ಲೂ ಬಿಡದೆ ಪಂಚೆ ಎತ್ತಿ ಕಟ್ಟಿ ಏಣಿಗೆ ಕಾಲಿಟ್ಟರು. ಅಟ್ಟದ ಕಿಂಡಿಯಲ್ಲಿ ದಯಾನಂದ ತಲೆ ತೂರಿಸಿದವನು ಅಲ್ಲೇ ನಿಂತುಬಿಟ್ಟ. ಅವನ ಹಿಮ್ಮಡಿ ನನ್ನ ಮೂಗಿನ ಮುಂದೆ.

"ಮುಂದಕ್ಕೆ ಹೋಗೋ!"

"ಹೋಗಾಕೆ ಜಾಗ ಇಲ್ಲ ಕಣಕ್ಕ."

ನಿಜವಾಗಿಯೂ ಇರಲಿಲ್ಲ. ಕಿಂಡಿಯ ಸುತ್ತ ಒಬ್ಬರು ಕೂರುವಷ್ಟು ಬಿಟ್ಟು, ಮಿಕ್ಕಿದ್ದೆಲ್ಲ ಕಾಯಿ. ಗೋಡೆಯಿಂದ ಗೋಡೆಗೆ, ಹೆಂಚಿನ ಇಳಿಜಾರಿಗೆ ತಾಗುವಂತೆ, ಒಣಗಿ ಬೂದು ಬಣ್ಣಕ್ಕೆ ತಿರುಗಿದ ಕಾಯಿ. ನಾವು ತೆವಳಿಕೊಂಡು ಒಳಗೆ ಹೋದೆವು. ನಮ್ಮ ಮಂಡಿ ತಗುಲಿದ ಕಡೆಯೆಲ್ಲ ಕಾಯೊಳಗೆ ಕೊಬ್ಬರಿ ಗುಡುಗುಡು ಎಂದಿತು. ಬೆಚ್ಚನೆಯ ಕೊಬ್ಬರಿ ವಾಸನೆ. ನನಗೆ ಕುಣಿಯಬೇಕೆನಿಸಿತು, ಆದರೆ ತಲೆ ಎತ್ತಿದರೆ ಹೆಂಚು.

ದಯಾನಂದ ಮೊಬೈಲ್ ಟಾರ್ಚ್ ಹಿಡಿದು ಗೋಡೆಯನ್ನು ಹುಡುಕಿದ. ಆ ಕಡೆ, ಈ ಕಡೆ.

"ಗೆರೆ ಎಲ್ಲಿ?"

"ಕಾಯಿ ಸರಿಸಿ ನೋಡು."

ಅವನು ಗೋಡೆಯ ಪಕ್ಕದ ಕಾಯಿಗಳನ್ನು ಒಂದೊಂದಾಗಿ ಎತ್ತಿ ಹಿಂದಕ್ಕೆ ಹಾಕಿದ. ಹತ್ತು ತೆಗೆದ, ಗೆರೆಯಿಲ್ಲ. ಇಪ್ಪತ್ತು ತೆಗೆದ, ಇಲ್ಲ. ಮೊಣಕೈ ಮುಳುಗುವಷ್ಟು ತೋಡಿದ ಮೇಲೆ ಇದ್ದಿಲಿನ ಒಂದು ಗೆರೆ ಸಿಕ್ಕಿತು. ಪಕ್ಕದಲ್ಲಿ ಅಪ್ಪನ ಕೈಬರಹದ ಇಸವಿ. ನನ್ನ ಮದುವೆಯ ವರ್ಷ.

"ಅಯ್ಯೋ ನನ್ನಪ್ಪನೇ," ಎಂದರು ಶ್ರೀರಂಗಯ್ಯ ಮಾವ ಕಿಂಡಿಯಲ್ಲಿ ಅರ್ಧ ಮೈ ತೂರಿಸಿ. "ನಮ್ಮ ಅಟ್ಟದಲ್ಲಿ ಇದರ ಅರ್ಧ ಇಲ್ಲ ಕಣ್ಲಾ ದಯಾನಂದ. ನಾನು ದಿನಾ ಕೋವಿ ಹಿಡ್ಕಂಡು ತಿರುಗಿದ್ದೇ ಬಂತು."

"ನಿಮ್ ಢಂ ಅನ್ನೋ ಸದ್ದು ಕೋತಿಗಳಿಗೆ ಈಗ ಮದುವೆ ಮನೆ ಪಟಾಕಿ ಇದ್ದಂಗೆ ಮಾವ," ಎಂದೆ. "ನಮ್ ತೋಟದಲ್ಲಿ ವರ್ಷವಿಡೀ ಎರಡು ನಾಯಿ ಇದ್ವು, ಪುಟ್ಟಕ್ಕ ಇದ್ಲು. ಅಲ್ಲಿಂದ ಓಡ್ಸಿದ್ದು ನಿಮ್ ತೋಟಕ್ಕೆ ಬಂತು."

ಕೆಳಗಿನಿಂದ ನಯನ ಕೂಗಿದಳು. ಕೂಗಿದಳು ಎಂದರೆ ನಿಜವಾಗಿಯೂ ಕೂಗಿದಳು, ನನ್ನ ಹಾಗೆ. "ಮಂದೆ ಬಿಟ್ಟು ಎರಡು ವರ್ಷ ಗೊಬ್ಬರ ಇಲ್ಲದೆ ಹೀಚು ಉದುರ್ತಿತ್ತು. ಕಾವಲು ಇಲ್ಲದೆ ಕೋತಿ ತಿಂತಿತ್ತು. ಕೋವಿ ಹೋಯ್ತು, ಮಂದೆ ಬಂತು. ಮಂದೆ ಬಂದಿದ್ದಕ್ಕೆ ಕಾಯಿ ಬಂತು. ಎಷ್ಟು ಸಲ ಹೇಳಾಕೆ ಬಂದೆ, ನೀವು ಕೇಳಿಸ್ಕಂಡ್ರಾ?"

ನಡುಮನೆಯಲ್ಲಿ ನೆಂಟರೆಲ್ಲ ನಕ್ಕ ಸದ್ದು ಹೆಂಚಿನವರೆಗೂ ಬಂತು.

ಇಳಿದು ಬಂದಾಗ ದಯಾನಂದನ ತಲೆಯ ತುಂಬ ಜೇಡರ ಬಲೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಹಾಗೆ ಎದೆ ಸೆಟೆಸಿ ನಿಂತ. "ಕಾಯಿ ಮಾತು ಹಾಗಿರ್ಲಿ. ಅದು ಅಪ್ಪನ ಕೋವಿ. ನಮ್ಮ ಮನೆ ಮಾನ ಅದು. ಆ ಮೊಳೆ ಖಾಲಿ ನೋಡಿದ್ರೆ ನಂಗೆ ಹೊಟ್ಟೆ ಉರೀತದೆ."

ನನ್ನ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಆಣೆ ಹೋದರೆ ಹೋಗಲಿ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅವ್ವ ಗೋಡೆ ಹಿಡಿದು ಎದ್ದಳು. ನಮ್ಮವ್ವ ಅಂಕಮ್ಮ ಐದಡಿಯೂ ಇಲ್ಲ. ಆದರೆ ಅವಳು ಎದ್ದರೆ ನಾವು ಈಗಲೂ ಕೂರುತ್ತೇವೆ.

"ಅಟ್ಟದಾಗೆ ನಾಲ್ಕು ವರ್ಷದ ಗೆರೆ ಇಲ್ಲ, ನೋಡಿದ್ಯೇನೋ ಮಗ?" ಎಂದಳು. "ಆ ಸಂಕ್ರಾಂತಿ ಆದ್ಮೇಲೆ ನಿಮ್ಮಪ್ಪ ಗೆರೆ ಎಳೀಲೇ ಇಲ್ಲ. ಏಣಿ ಮುಂದೆ ನಿಂತ್ಕಂಡು, 'ಮನುಷ್ಯನ ಮೇಲೆ ಗುಂಡು ಹಾರಿದ ತೋಟದ ಫಸಲಿಗೆ ಯಾವ ಮುಖ ಇಟ್ಕಂಡು ಗೆರೆ ಎಳೀಲಿ ಅಂಕಮ್ಮ' ಅಂದ್ರು. ಕೋವಿ ಮಾನ ಅಂತೀಯ. ಆ ಕೋವಿ ಅವ್ರ ಮಾನ ತೆಗೀತು ಕಣೋ. ಎಷ್ಟು ತೆಗೀತು ಅಂತ ನಂಗೂ ಗೊತ್ತು, ನಿಂಗೂ ಗೊತ್ತು."

ಅಷ್ಟೇ ಹೇಳಿ ಅವಳು ಮಗನ ಮುಖ ನೋಡುತ್ತಾ ನಿಂತಳು. ಮುಂದಿನದನ್ನು ಅವಳು ಹೇಳಲಿಲ್ಲ. ನಾನೂ ಬಾಯಿ ಮುಚ್ಚಿದೆ. ಇದು ನಮ್ಮಿಬ್ಬರ ಮಾತಲ್ಲ ಎಂದು ನನಗೆ ಆಗ ತಿಳಿಯಿತು.

ದಯಾನಂದ ಅಪ್ಪನ ಫೋಟೋ ನೋಡಿದ. ಬಾಗಿಲ ಕಡೆ ನೋಡಿದ. ಹಜಾರದ ಕಟ್ಟೆಯ ಮೇಲೆ ಪುಟ್ಟಕ್ಕ ಊಟ ಮುಗಿಸಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು.

"ಅವತ್ತು ಹೊಡೆದೋನು ಅಪ್ಪ ಅಲ್ಲ," ಎಂದ. ಪುಟ್ಟಕ್ಕನ ಕಡೆ ತಿರುಗಿದ. ಮತ್ತೆ ಹೇಳಿದ. "ಅವತ್ತು ಹೊಡೆದೋನು ನಾನು. ಅಪ್ಪ ನನ್ನ ತಪ್ಪು ಹೊತ್ಕಂಡ್ರು. ನಾನು ಸುಮ್ನೆ ನೋಡ್ತಾ ನಿಂತಿದ್ದೆ."

ನೆಂಟರ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಶ್ರೀರಂಗಯ್ಯ ಮಾವ ಟವೆಲ್ ತೆಗೆದು ಮುಖ ಒರೆಸಿಕೊಂಡರು. ದಯಾನಂದ ಬಾಗಿಲು ದಾಟಿ ಹೋಗಿ ಪುಟ್ಟಕ್ಕನ ಎದುರು ನೆಲಕ್ಕೆ ಕೂತ. ಆರಡಿ ಆಳು, ಮಗುವಿನ ಹಾಗೆ ಅಳುತ್ತಿದ್ದ.

ಪುಟ್ಟಕ್ಕ ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು. "ನಮ್ಗೆ ಗೊತ್ತಿತ್ತು ಬುಡಪ್ಪ," ಎಂದಳು. "ಗುಂಡು ಬಿದ್ದು ಕಣ್ಣು ಬಿಟ್ಟಾಗ ಅವ್ರಿಗೆ ಕಂಡಿದ್ದೇ ನಿನ್ನ ಮುಖ. ನಿಮ್ಮಪ್ಪ ಹಟ್ಟಿಗೆ ಬಂದು ಕೈ ಮುಗಿದು, ಹುಡುಗನ ಹೆಸ್ರು ಹೇಳ್ಬ್ಯಾಡಿ ಅಂದ್ರು. ಸರಿ ಅಂದ್ವಿ. ನೀನೇ ಒಂದಿನ ಹೇಳ್ತೀಯ ಅಂತ ಕಾಯ್ತಾ ಇದ್ವಿ. ನಾಲ್ಕು ವರ್ಷ ಆಯ್ತಲ್ಲೋ, ಎಷ್ಟು ನಿಧಾನ ನೀನು."

ಅಳುತ್ತಿದ್ದವನು ನಕ್ಕುಬಿಟ್ಟ. ಅವ್ವ ಒಳಗೆ ಫೋಟೋದ ಮುಂದಿದ್ದ ಸ್ಟಾಂಪ್ ಪೇಪರನ್ನು ಎತ್ತಿಕೊಂಡು ತನ್ನ ಹೆಬ್ಬೆಟ್ಟಿನ ಗುರುತು ಇದ್ದ ಕಡೆಯಿಂದಲೇ ಹರಿಯಲು ಶುರುಮಾಡಿದಳು. ಪೇಪರು ಗಟ್ಟಿ ಇತ್ತು. ನಾನು ಒಂದು ತುದಿ ಹಿಡಿದುಕೊಂಡೆ.

ಮರುದಿನವೇ ಮೂವರೂ ಠಾಣೆಗೆ ಹೋದೆವು. ಕೋವಿಯನ್ನು ಸರ್ಕಾರಕ್ಕೇ ಒಪ್ಪಿಸುತ್ತೇವೆ, ನಮಗೆ ವಾಪಸ್ ಬೇಡ ಎಂದು ಅರ್ಜಿ ಬರೆದು, ಮೂವರೂ ಸೈನ್ ಹಾಕಿದೆವು. ಅವ್ವನ ಹೆಬ್ಬೆಟ್ಟು ಈ ಸಲ ಎಷ್ಟು ಜೋರಾಗಿ ಬಿತ್ತೆಂದರೆ ಇಂಕು ಕಾಗದದ ಹಿಂದಕ್ಕೂ ಬಂತು. ಅಲ್ಲಿದ್ದ ಪೊಲೀಸಿನವರು ಅರ್ಜಿಯನ್ನು ಎರಡು ಸಲ ಓದಿದರು. "ಕೋವಿ ಬೇಗ ಬುಡ್ಸಿಕೊಡಿ ಅಂತ ಶಿಫಾರಸು ತರೋರ್ನ ನೋಡಿದೀನಿ ಕಣಮ್ಮ. ಬ್ಯಾಡ ಅಂತ ಬಸ್‌ಚಾರ್ಜ್ ಹಾಕ್ಕಂಡು ಬಂದೋರು ನೀವೇ ಮೊದ್ಲು," ಎಂದರು. ದಯಾನಂದ ಇನ್ನೊಂದು ಮಾತನ್ನೂ ಹೇಳಿದ, ನಾಲ್ಕು ವರ್ಷದ ಹಿಂದಿನದನ್ನು. ಸಾಹೇಬರು ಬರಲಿ, ಕರೆಸುತ್ತೇವೆ, ಬರಬೇಕಾಗುತ್ತದೆ ಎಂದರು. ಬರುತ್ತೇನೆ ಎಂದ. ಆಚೆ ಬಂದಾಗ ಅವನ ಕೈಯನ್ನು ನಾನು ಹಿಡಿದುಕೊಂಡೆ. ನನ್ನ ತಮ್ಮನ ಬಗ್ಗೆ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಅದೇ ವಾರ ಅಟ್ಟ ಇಳಿಸುವುದಿತ್ತು. ಗೆರೆ ಎಳೆಯುವವರು ಯಾರು ಎಂಬ ಮಾತು ಬಂತು. ದಯಾನಂದ ಇದ್ದಿಲ ಚೂರನ್ನು ತಂದು ನಯನಳ ಕೈಗೆ ಕೊಟ್ಟ. ಅವಳು ಏಣಿ ಹತ್ತಿ, ಕಾಯಿಗಳ ಮೇಲೆ ತೆವಳಿ, ಗೋಡೆಯುದ್ದಕ್ಕೂ ತಡಕಾಡಿದಳು.

"ಏನಾಯ್ತೇ?" ಎಂದು ಕೆಳಗಿನಿಂದ ಕೂಗಿದೆ.

"ಗೋಡೆ ಮುಗ್ದೋಗೈತಕ್ಕ!"

"ಹಂಗಾದ್ರೆ ತೊಲೆ ಮೇಲೆ ಎಳಿ!"

ತೊಲೆಯ ಮೇಲೆಯೇ ಎಳೆದಳು. ಈಗಲೂ ಇದೆ, ಬಂದವರಿಗೆಲ್ಲ ಅವ್ವ ತೋರಿಸುತ್ತಾಳೆ. ಖಾಲಿ ಮೊಳೆಗೆ ಪುಟ್ಟಕ್ಕ ಒಂದು ಹೊಸ ಕವಣೆ ಹೆಣೆದು ತಂದು ತಗುಲಿಹಾಕಿದ್ದಾಳೆ. ಶ್ರೀರಂಗಯ್ಯ ಮಾವ ಅವಳನ್ನು, ನಮ್ಮ ತೋಟಕ್ಕೂ ಮಂದೆ ಬಿಡ್ತೀಯೇನವ್ವ ಎಂದು ಕೇಳಿದರಂತೆ. "ನಿಮ್ ಗೋಡೆ ಮ್ಯಾಲೆ ಇನ್ನೂ ತೂಗಾಡ್ತೈತಲ್ಲ ಸ್ವಾಮಿ, ಅದು ಇಳೀಲಿ," ಎಂದಳಂತೆ ಪುಟ್ಟಕ್ಕ. ಮಾವ ಯೋಚನೆ ಮಾಡುತ್ತಿದ್ದಾರೆ.

ಈ ಸಂಕ್ರಾಂತಿಗೆ ನಾನು ತವರಿಗೆ ಹೋಗಿದ್ದೆ. ಹಬ್ಬದ ಮಾರನೆಯ ಬೆಳಗ್ಗೆ ಮಂಜು ದಟ್ಟವಾಗಿತ್ತು, ಎದುರಿನ ಮರ ಕಾಣುತ್ತಿರಲಿಲ್ಲ. ದಯಾನಂದ ಕಾಫಿಯ ಚೊಂಬು, ಎರಡು ಲೋಟ ಹಿಡಿದು ತೋಟಕ್ಕೆ ಹೊರಟ. ನಾನೂ ಜೊತೆಗೆ ಹೋದೆ. ಕುರಿಗಳು ಗುಂಪಾಗಿ ಮಲಗಿದ್ದವು. ಆಚೆ, ಅದೇ ತೆಂಗಿನ ಬುಡದಲ್ಲಿ, ಒಂದು ಕರಿ ಗುಡ್ಡೆ.

ಗುಡ್ಡೆ ಅಲುಗಾಡಿತು.

ದಯಾನಂದ ನಿಂತ. ಅವನ ಉಸಿರು ನನಗೆ ಕೇಳಿಸುತ್ತಿತ್ತು. ಆಮೇಲೆ ಒಂದೊಂದೇ ಹೆಜ್ಜೆಯಿಟ್ಟು ಹತ್ತಿರ ಹೋದ, ಚೊಂಬು ಕೆಳಗಿಟ್ಟ, ಮಂಡಿಯೂರಿ ಬಗ್ಗಿ ನೋಡಿದ.

ಕಂಬಳಿಯೊಳಗಿನಿಂದ ದನಿ ಬಂತು. "ಹಂದಿ ಅಲ್ಲ ಕಣ್ಲಾ, ನಾನೇ. ಕಾಫಿಗೆ ಬೆಲ್ಲ ಹಾಕ್ಸಿದ್ದೀಯಾ?"

"ಹಾಕ್ಸಿದೀನಿ ಗೊಲ್ಲರಪ್ಪಣ್ಣ," ಎಂದ ನನ್ನ ತಮ್ಮ, ಮತ್ತು ಅವನನ್ನು ಎಬ್ಬಿಸಿ ಕೂರಿಸಲು ಎರಡೂ ಕೈ ಚಾಚಿದ.